ಪಾರ್ಸೆಲ್ ರಾಯರ ಬಂದೋಬಸ್ತು

ಪಾರ್ಸೆಲ್ ರಾಯರು ಕಟ್ಟಿದ ಪೊಟ್ಟಣ ಬಿಚ್ಚುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ಅವರ ಕಚೇರಿಯಲ್ಲಿ ಒಂದು ಮಾತಿತ್ತು. ಇದು ಹೊಗಳಿಕೆಯೋ ದೂರೋ ಎಂದು ರಾಯರು ಎಂದೂ ವಿಚಾರಿಸಲು ಹೋಗಲಿಲ್ಲ, ಹೊಗಳಿಕೆ ಎಂದೇ ಜಮಾ ಮಾಡಿಕೊಂಡರು. ಯಂತ್ರಗಳ ಬಿಡಿಭಾಗ ಮಾರುವ ಕಂಪನಿಯ ರವಾನೆ ವಿಭಾಗದಲ್ಲಿ ಅವರ ಇಡೀ ನೌಕರಿ ಕಳೆದಿತ್ತು. ರಟ್ಟಿನ ಡಬ್ಬ, ಅದರ ಮೇಲೆ ಗೋಣಿ, ಗೋಣಿಯ ಮೇಲೆ ತಗಡಿನ ಪಟ್ಟಿ, ಪಟ್ಟಿಯ ಮೇಲೆ ಅರಗು. "ದಾರೀಲಿ ಬಿಚ್ಚಿಕೊಳ್ಳಬಾರದು" ಎನ್ನುವುದು ಅವರ ಬದುಕಿನ ಏಕೈಕ ಸಿದ್ಧಾಂತ. ತಲುಪಿದ ಮೇಲೆ ಬಿಚ್ಚಿಕೊಳ್ಳಬೇಕಲ್ಲವೇ ಎಂದು ಯಾರಾದರೂ ಕೇಳಿದರೆ, ಅದು ತಮ್ಮ ವಿಭಾಗಕ್ಕೆ ಸೇರಿದ ವಿಷಯವಲ್ಲ ಎಂದುಬಿಡುತ್ತಿದ್ದರು.

ನಿವೃತ್ತರಾದ ಮೇಲೂ ಈ ಚಾಳಿ ಬಿಡಲಿಲ್ಲ. ಆ ಬೇಸಿಗೆಯಲ್ಲಿ ಅವರ ಮನೆಯಾಕೆ ಮಹಡಿ ಮೆಟ್ಟಿಲಲ್ಲಿ ಜಾರಿ ಬಿದ್ದು ಎರಡೂ ಮುಂಗೈ ಮುರಿದುಕೊಂಡರು. ಎರಡು ಕೈಗೂ ಬಿಳಿ ಕಟ್ಟು. ರಾಯರು ಉಪಚಾರಕ್ಕೆ ಸೊಂಟ ಕಟ್ಟಿ ನಿಂತರು. ಊಟ ಮಾಡಿಸುವ ಮುಂಚೆ ಹೆಂಡತಿಯ ಕೊರಳಿಗೆ ಟವೆಲ್ ಕಟ್ಟಿದರು. ಊಟವಾದ ಮೇಲೆ ಅದನ್ನು ತೆಗೆಯಲು ಕತ್ತರಿ ಬೇಕಾಯಿತು. ಮಾರನೆಯ ದಿನದಿಂದ ಆ ಕೆಲಸವನ್ನು ಎದುರುಮನೆ ದೊಡ್ಡಮ್ಮ ವಹಿಸಿಕೊಂಡರು.

ದೊಡ್ಡಮ್ಮ ತುತ್ತು ಮಾಡಿ ಉಣ್ಣಿಸಿದರು. ಪಕ್ಕದ ಮನೆಯ ಮೇಷ್ಟ್ರು ದಿನಾ ಬಂದು ಪೇಪರ್ ಓದಿ ಹೇಳಿದರು. ಬೀದಿ ಕೊನೆಯ ಟ್ಯಾಕ್ಸಿ ಡ್ರೈವರು ಆಸ್ಪತ್ರೆಗೆ ಕರೆದೊಯ್ದು ತಂದ. ರಾಯರ ಭಾವಮೈದುನ, ಒಂದು ದೊಡ್ಡ ಕಚೇರಿಯ ಸಣ್ಣ ಅಧಿಕಾರಿ, ರಜೆ ಹಾಕಿ ಅಕ್ಕನ ಹಾಸಿಗೆಯ ಪಕ್ಕ ಕೂತ. ಕಟ್ಟು ಬಿಚ್ಚಿದ ಮೇಲೆ ಬೆರಳುಗಳು ಮರದ ಕಡ್ಡಿಗಳ ಹಾಗೆ ಸೆಟೆದು ನಿಂತಾಗ, ಎಲ್ಲರೂ ಕೈಡಾಕ್ಟರಮ್ಮ ಎಂದು ಕರೆಯುವ ವ್ಯಾಯಾಮದ ಡಾಕ್ಟರು ಒಂದೊಂದು ಬೆರಳನ್ನೂ ಹಿಡಿದು ಮಡಚಲು ಕಲಿಸಿದರು.

ಮನೆಯಾಕೆ ಮೊದಲಿನಿಂದಲೂ ಉಣ್ಣೆ ಹೆಣೆಯುವವರು. ಯಾರಿಗೂ ಹೇಳದೆ ಮತ್ತೆ ಕಡ್ಡಿ ಹಿಡಿದರು. ಹೆಣಿಗೆಯ ಕುಣಿಕೆ ಬಿದ್ದವು, ಕಡ್ಡಿ ಬಿತ್ತು, ಆಮೇಲೆ ಕಣ್ಣೀರೂ ಬಿತ್ತು. ಆದರೂ ಬಿಡಲಿಲ್ಲ. ಚಳಿಗಾಲ ಕಾಲಿಡುವ ಹೊತ್ತಿಗೆ ಐದು ಟೋಪಿ ತಂದು ರಾಯರ ಮುಂದಿಟ್ಟರು.

"ಇಡೀ ಬೀದಿಗೇ ಟೋಪಿ ಹಾಕೋಕೆ ಹೊರಟಿದೀಯಲ್ಲೇ" ಎಂದು ರಾಯರು ನಕ್ಕರು.

"ನಗಬೇಡಿ ರೀ. ನನ್ನ ಕೈ ನನಗೆ ವಾಪಸ್ ಬಂದಿದ್ದು ಈ ಐದು ಜನರಿಂದ. ಈ ಚಳೀಲಿ ಅವರ ತಲೆಯಾದ್ರೂ ಬೆಚ್ಚಗಿರ್ಲಿ. ಒಂದೊಂದು ಕಾಗದ ಸುತ್ತಿ ಕೊಟ್ಟುಬನ್ನಿ, ಸಾಕು."

"ಕಾಗದಾನಾ?" ರಾಯರಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. "ಅಷ್ಟು ಉಪಕಾರ ಮಾಡಿದವರಿಗೆ ಕಾಗದದಲ್ಲಿ ಸುತ್ತಿ ಕೊಡೋದಾ? ಏನಂದ್ಕೊಂಡಿದೀಯ ನನ್ನ? ಟೋಪಿ ನಿನ್ನದು, ಪ್ಯಾಕಿಂಗು ನನ್ನದು. ಮರದ ಪೆಟ್ಟಿಗೆ, ಅದರ ಮೇಲೆ ಕೆತ್ತನೆ. ನೋಡ್ತಿರು."

ಕೆತ್ತನೆಯ ಹೆಸರಲ್ಲಿ ರಾಯರು ಅಲ್ಲಿಯವರೆಗೆ ಕೆತ್ತಿದ್ದು ಪೆನ್ಸಿಲನ್ನು ಮಾತ್ರ. ಆದರೆ ಧೈರ್ಯಕ್ಕೇನು ಕಡಿಮೆ! ಹಳೆಯ ಕಚೇರಿಗೆ ಹೋಗಿ ಹಗುರ ಮರದ ಪ್ಯಾಕಿಂಗ್ ಹಲಗೆಗಳನ್ನು ಹೊತ್ತು ತಂದರು. ಬೀದಿ ತಿರುವಿನ ಬಡಗಿ ಅಳತೆಗೆ ಸರಿಯಾಗಿ ಕೊಯ್ದುಕೊಟ್ಟ. ಎರಡು ಅಂಗೈ ಅಗಲ, ನಾಲ್ಕು ಬೆರಳು ಎತ್ತರದ ಐದು ಪೆಟ್ಟಿಗೆ. ಒಂದು ಪಕ್ಕದಿಂದ ತಳ್ಳಿದರೆ ಅಂಚಿನ ತೋಡಿನಲ್ಲಿ ಜಾರಿ ಕೂರುವ ಮುಚ್ಚಳ. ಹಿತ್ತಲಲ್ಲಿ ಬೆಂಚು ಹಾಕಿಕೊಂಡು, ನಾಲಿಗೆ ಕಚ್ಚಿಕೊಂಡು, ರಾಯರು ಉಳಿ ಹಿಡಿದರು. ಚಳಿಗಾಲದ ದೃಶ್ಯ: ಎಲೆ ಉದುರಿದ ಮರ, ಕೊಂಬೆಯ ಮೇಲೆ ಮುದುರಿ ಕೂತ ಮೂರು ಹಕ್ಕಿ. ಮರ ಮರದ ಹಾಗೇ ಬಂತು. ಹಕ್ಕಿಗಳಿಗೆ ಕೊಕ್ಕು ಮೂಡಿಸುವಾಗ ಉಳಿ ಜಾರಿತು. ಜಾರಿದ್ದನ್ನು ಸರಿಮಾಡಲು ಹೋಗಿ ಕೊಕ್ಕು ತೊಟ್ಟಾಯಿತು. ಒಂದರಲ್ಲಿ ಹಾಗಾದ ಮೇಲೆ ಎಲ್ಲವೂ ಒಂದೇ ಸಮ ಇರಲಿ ಎಂದು ಉಳಿದವುಗಳಿಗೂ ಹಾಗೇ ಮಾಡಿದರು. ಮುಗಿದಾಗ ಕೊಂಬೆಯಲ್ಲಿ ಮೂರು ಬದನೆಕಾಯಿ ತೂಗುತ್ತಿದ್ದವು. ರಾಯರ ಕಣ್ಣಿಗೆ ಮಾತ್ರ ಅವು ಹಕ್ಕಿಗಳೇ.

ಆದರೆ ಸಂದುಗಳು! ಮೂಲೆ ಮೂಲೆಯಲ್ಲೂ ಕಡ್ಡಿ ತೂರುವಷ್ಟು ಸಂದು. ಬಡಗಿಯನ್ನು ಕೇಳಿದರು. ಅವನು ಯಾರದೋ ಕಿಟಕಿಗೆ ಮೊಳೆ ಹೊಡೆಯುತ್ತ, ತಿರುಗಿಯೂ ನೋಡದೆ ಹೇಳಿದ: "ಸಂದು ಕಾಣೋ ಕಡೆ ಎಲ್ಲಾ ಮರದ ಹೊಟ್ಟಿಗೆ ಅಂಟು ಕಲಸಿ ತುಂಬಿ ಸಾರ್. ಒಣಗಿದ ಮೇಲೆ ಉಪ್ಪುಕಾಗದ ಹಾಕಿ ತಿಕ್ಕಿ. ಸಂದಿತ್ತು ಅಂತ ದೇವರಿಗೂ ಗೊತ್ತಾಗಲ್ಲ."

ರಾಯರು ಅಪ್ಪಣೆಯನ್ನು ಅಕ್ಷರಶಃ ಪಾಲಿಸುವ ಮನುಷ್ಯ. ಟೋಪಿಗಳನ್ನು ಒತ್ತಾಗಿ ಮಡಚಿ ಒಳಗಿಟ್ಟು, ಮುಚ್ಚಳ ಜಾರಿಸಿ, ಕನ್ನಡಕ ಏರಿಸಿಕೊಂಡು ಸಂದು ಹುಡುಕಲು ಕೂತರು. ಮೂಲೆಯ ಸಂದು ತುಂಬಿದರು. ತಳದ ಸಂದು ತುಂಬಿದರು. ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಸಂದು ಮುಚ್ಚಳದ ಸುತ್ತ ಇತ್ತು, ಅದನ್ನಂತೂ ವಿಶೇಷ ಮುತುವರ್ಜಿಯಿಂದ ತುಂಬಿದರು. ಒಣಗಿಸಿ, ತಿಕ್ಕಿ, ಎಣ್ಣೆ ಸವರಿ ಎತ್ತಿ ಹಿಡಿದರೆ ಅಖಂಡವಾದ ಒಂದೇ ಮರದ ತುಂಡು. ಅಲುಗಿಸಿದರೆ ಸದ್ದಿಲ್ಲ, ಉಣ್ಣೆಗೆಲ್ಲಿಯ ಸದ್ದು? "ಇದು ದಾರೀಲಿ ಬಿಚ್ಚಿಕೊಳ್ಳೋ ಪೈಕಿ ಅಲ್ಲ" ಎಂದು ರಾಯರು ಎದೆಯುಬ್ಬಿಸಿದರು. ಅಷ್ಟು ನಿಜವಾದ ಮಾತನ್ನು ಅವರು ಜನ್ಮದಲ್ಲಿ ಆಡಿರಲಿಲ್ಲ.

ಹಲಗೆ ಉಳಿದಿತ್ತೆಂದು ಆರನೆಯದೊಂದನ್ನೂ ಮಾಡಿದ್ದರು. "ಇದು ಯಾರಿಗೆ?" ಎಂದು ಮನೆಯಾಕೆ ಕೇಳಿದ್ದರು. "ಯಾರಿಗೂ ಅಲ್ಲ, ಮಾದರಿ. ನಮ್ಮ ನಡುಮನೇಲೇ ಇರ್ಲಿ." ಆಕೆ ನಕ್ಕು, ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ತಂದು ಬೆಂಚಿನ ಮೇಲಿಟ್ಟಿದ್ದರು. ಮುಚ್ಚಳ ಹಾಕಿಯೇ ಇದೆ ಎಂದು ರಾಯರು ಅದಕ್ಕೂ ಹೊಟ್ಟು ತುಂಬಿ ತಿಕ್ಕಿ ನಡುಮನೆಯ ಕಪಾಟಿನ ಮೇಲೆ ಇಟ್ಟರು. ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದರು.

ಉಡುಗೊರೆ ಹಂಚುವಾಗ ರಾಯರು ಹೆಚ್ಚು ಮಾತಾಡಲಿಲ್ಲ. ಒಳಗೇನಿದೆ ಎಂದು ಬಾಯಿಬಿಡುವುದು ರವಾನೆ ವಿಭಾಗಕ್ಕೆ ಅವಮಾನ. ಬಾಗಿಲಲ್ಲಿ ನಿಂತು, ಎರಡೂ ಕೈಯಲ್ಲಿ ಕೊಟ್ಟು, "ನಮ್ಮನೆಯವಳು ಕೈಯಾರೆ ಮಾಡಿದ್ದು. ಚಳಿಗಾಲಕ್ಕೆ ಅಂತ" ಎಂದಷ್ಟೇ ಹೇಳಿ, ಕಣ್ಣು ತುಂಬಿಕೊಂಡದ್ದು ಕಾಣದಿರಲೆಂದು ಬೆನ್ನು ತಿರುಗಿಸಿ ಹೊರಟುಬಿಟ್ಟರು. ಕೈ ಮುರಿದುಕೊಂಡಾಕೆ ಮರ ಕೆತ್ತಿದ್ದಾರೆಂದು ಐದೂ ಮನೆಯವರು ಮೂಗಿನ ಮೇಲೆ ಬೆರಳಿಟ್ಟರು. ಚಳಿಗಾಲಕ್ಕೂ ಈ ಹಲಗೆಗೂ ಏನು ಸಂಬಂಧ ಎಂದು ಕೇಳಲು ಯಾರಿಗೂ ಮನಸ್ಸಾಗಲಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ?

ಮನೆಯಾಕೆ ಕಿಟಕಿಯಲ್ಲಿ ಕೂತು ಕಾದರು. ಮೈ ಕೊರೆಯುವ ಚಳಿ. ಮೇಷ್ಟ್ರು ವಾಕಿಂಗಿಗೆ ಹೊರಟರು, ಬೋಳುತಲೆ. ದೊಡ್ಡಮ್ಮ ಹಾಲಿಗೆ ಹೋದರು, ತಲೆಯ ಮೇಲೆ ಹಳೆಯ ಟವೆಲ್. ಟ್ಯಾಕ್ಸಿ ಡ್ರೈವರು ಕಿವಿ ಉಜ್ಜಿಕೊಳ್ಳುತ್ತ ನಿಂತಿದ್ದ. ಕೆಂಪು, ನೀಲಿ, ಹಸಿರು, ಒಂದು ಟೋಪಿಯೂ ಬೀದಿಯಲ್ಲಿ ಕಾಣಲಿಲ್ಲ.

ಒಂದು ದಿನ ಗೇಟಿನ ಆಚೆಯಿಂದ ದೊಡ್ಡಮ್ಮ ಕೂಗಿ ಹೇಳಿದರು: "ಏನು ಕೆಲಸ ಕಣೇ ಅದು! ಎಷ್ಟು ಗಟ್ಟಿ! ತೊಳೆದು ಬಿಸಿಲಿಗಿಟ್ರೂ ಒಂಚೂರು ಬಾಗಲ್ಲ!" ಅದೇ ವಾರ ತಪಾಸಣೆಗೆ ಹೋದಾಗ ಕೈಡಾಕ್ಟರಮ್ಮ ಆಕೆಯ ಬೆನ್ನು ತಟ್ಟಿದರು. "ಅಮ್ಮಾ, ಅಂಥಾ ಗಟ್ಟಿ ಕೆಲಸ ಈ ಕೈಯಲ್ಲಿ ಹೇಗೆ ಮಾಡಿದ್ರಿ? ನನಗಂತೂ ಕೈಲಿ ಹಿಡಿದ್ರೆ ಭಯವಾಗುತ್ತೆ!"

ಮನೆಗೆ ಬಂದ ಮನೆಯಾಕೆ ಕಡ್ಡಿಗಳನ್ನೂ ಉಳಿದ ಉಣ್ಣೆಯನ್ನೂ ಒಂದು ಚೀಲಕ್ಕೆ ತುಂಬಿದರು.

"ರೀ, ಇದನ್ನ ಯಾರಿಗಾದ್ರೂ ಕೊಟ್ಟುಬಿಡಿ. ಇನ್ನು ನಾನು ಹೆಣೆಯಲ್ಲ."

"ಯಾಕೇ?"

"ಟೋಪಿ ಗಟ್ಟಿಯಂತೆ. ಬಾಗಲ್ಲವಂತೆ. ಹಿಡ್ಕೊಳ್ಳೋಕೂ ಭಯವಂತೆ. ಪಾಪ, ನನ್ನ ಮನಸ್ಸು ನೋಯಬಾರದು ಅಂತ ಹೊಗಳೋ ಹಾಗೆ ಹೇಳ್ತಾರೆ. ಈ ಬೆರಳಿಗೆ ಇನ್ನು ಹದ ಬರಲ್ಲ. ಬೇರೆಯವರ ಮಾತು ಬಿಡಿ, ನೀವಾದ್ರೂ..." ಎಂದು ಆಕೆ ಕಪಾಟಿನ ಕಡೆ ನೋಡಿದರು.

ರಾಯರಿಗೆ ಕೊನೆಯ ಮಾತು ಅರ್ಥವಾಗಲಿಲ್ಲ, ಆದರೆ ಚೀಲವನ್ನು ಯಾರಿಗೂ ಕೊಡದೆ ಒಳಗೆ ಎತ್ತಿಟ್ಟರು. ಬೆರಳು ಮಡಚಿದ ಮೊದಲ ದಿನ ಇದೇ ಹೆಂಗಸು ಮಗುವಿನ ಹಾಗೆ ಕುಣಿದಿದ್ದರಲ್ಲ! ಇದನ್ನು ಬಗೆಹರಿಸಲೇಬೇಕು. ಕೊಟ್ಟದ್ದನ್ನು ಹಾಕಿಕೊಂಡಿರಾ ಎಂದು ನೇರವಾಗಿ ಕೇಳುವುದು ಸಭ್ಯತೆಯಲ್ಲ. ಆದ್ದರಿಂದ ಸುತ್ತಿ ಬಳಸಿ ಕೇಳುವುದೆಂದು ಹೊರಟರು.

ಟ್ಯಾಕ್ಸಿ ಡ್ರೈವರು ಗಾಜು ಒರೆಸುತ್ತಿದ್ದ.

"ಏನಪ್ಪಾ, ನಮ್ಮನೆಯವಳು ಕೊಟ್ಟಿದ್ದು... ಉಪಯೋಗವಾಗ್ತಿದೆಯಾ?"

"ಅಯ್ಯೋ ಸಾರ್, ಅದಿಲ್ದೆ ಗಾಡಿ ತೆಗೆಯೋದೇ ಇಲ್ಲ ಈಗ! ದಿಬ್ಬದ ಮೇಲೆ ನಿಲ್ಲಿಸಿದಾಗ ಹಿಂದಿನ ಗಾಲಿಗೆ ಅಡ್ಡ ಇಡ್ತೀನಿ. ಮೊದಲು ಕಲ್ಲು ಇಡ್ತಿದ್ದೆ."

"ಗಾಲಿಗಾ?"

"ಅಮ್ಮಾವ್ರು ಮೇಲೆ ಮೂರು ಮೂಟೆ ಬೇರೆ ಕೆತ್ತಿದಾರಲ್ಲ ಸಾರ್, ಲಗೇಜಿನವನು ಅಂತ ನನಗೇ ಮಾಡಿದ್ದು. ಏನು ತಲೆ ಸಾರ್ ಅವರದು!"

ಮೂಟೆಯ ಮಾತು ರಾಯರ ಕಿವಿಗೆ ಬೀಳಲೇ ಇಲ್ಲ. ಉಣ್ಣೆಯ ಟೋಪಿಯೊಂದು ಟ್ಯಾಕ್ಸಿಯನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸಿದ ಚಿತ್ರ ಅವರ ಕಣ್ಣಮುಂದೆ ನಿಂತಿತ್ತು. "ಕೊಳೆಯಾಗಲ್ವೇನಪ್ಪಾ?" ಎಂದರು ಕ್ಷೀಣವಾಗಿ.

"ಆಗ್ಲಿ ಬಿಡಿ ಸಾರ್. ಬಕೀಟು ನೀರು ಎತ್ತಿ ಹುಯ್ದ್ರೆ ಆಯ್ತು."

ಮೇಷ್ಟ್ರ ಮನೆಯಲ್ಲಾದರೂ ಮಾನ ಉಳಿದೀತು ಎಂದು ರಾಯರು ಅಲ್ಲಿಗೆ ಹೋದರು. ಬಾಗಿಲಲ್ಲೇ ಮೇಷ್ಟ್ರು ಕೈ ಹಿಡಿದುಕೊಂಡರು. ಅವರು ಬಹಳ ಕುಳ್ಳು, ಬಹಳ ಓದಿದವರು.

"ರಾಯರೇ, ನಿಮ್ಮ ಮನೆಯವರಿಗೆ ಎಷ್ಟು ಋಣಿಯಾದರೂ ಸಾಲದು. ಅದರ ಮೇಲೆ ನಿಂತ್ರೆ ಮೇಲಿನ ಅಟ್ಟದ ಪುಸ್ತಕ ಕೈಗೆ ಸಿಗುತ್ತೆ ನೋಡಿ!"

"ಅದರ ಮೇಲೆ ನಿಂತ್ರೆ?"

"ಪೂರ್ತಿ ನಾಲ್ಕು ಬೆರಳು ಎತ್ತರ ಆಗ್ತೀನಿ."

ಟೋಪಿಯನ್ನು ಮೆಟ್ಟಿ ನಿಂತರೆ ಮನುಷ್ಯ ನಾಲ್ಕು ಬೆರಳು ಎತ್ತರವಾಗುತ್ತಾನೆ ಎಂದು ಜೀವನವಿಡೀ ಲೆಕ್ಕ ಪಾಠ ಮಾಡಿದ ಮನುಷ್ಯ ಹೇಳುತ್ತಿದ್ದಾನೆ. ಪಾಪ, ವಯಸ್ಸಾಯಿತು ಎಂದುಕೊಂಡ ರಾಯರು ಮೆಲ್ಲಗೆ ಕೇಳಿದರು: "ತಲೆಗೆ... ಉಪಯೋಗಿಸಲಿಲ್ವೇ?"

"ಅದನ್ನೂ ನೋಡಿದೆ. ಒಂದು ಮಧ್ಯಾಹ್ನ ತಲೆಗಿಟ್ಕೊಂಡು ಮಲಗಿದ್ದೆ. ಕತ್ತು ಹಿಡ್ಕೊಂಡುಬಿಡ್ತು. ಇವತ್ತಿಗೂ ಈ ಕಡೆ ತಿರುಗಲ್ಲ."

ಉಳಿದ ಧೈರ್ಯವನ್ನೆಲ್ಲ ಒಟ್ಟುಮಾಡಿ ಭಾವಮೈದುನನಿಗೆ ಫೋನ್ ಹಚ್ಚಿದರು. ಅವನು ಫೋನಿನಲ್ಲೇ ಎದ್ದು ನಿಂತ ಹಾಗೆ ಕೇಳಿಸಿತು. "ಭಾವಾ, ಅಕ್ಕನ ಕೈಕೆಲಸಾನ ಆಫೀಸಿನ ಗೋಡೆಗೆ ಹಾಕಿಸಿದೀನಿ! ನಾಲ್ಕು ಮೂಲೆಗೂ ನಾಲ್ಕು ದಪ್ಪ ಮೊಳೆ ಹೊಡೆಸಿ, ಅಲ್ಲಾಡದ ಹಾಗೆ. ಮೇಲಧಿಕಾರಿಗಳೇ ಬಂದು ಬೆರಳಲ್ಲಿ ತಟ್ಟಿ ನೋಡಿ ಭೇಷ್ ಅಂದ್ರು!"

"ನಾಲ್ಕು ಮೊಳೆ!" ಎಂದು ಗೊಣಗುತ್ತ ರಾಯರು ಮನೆಗೆ ಬಂದರು. ಮುಖ ಹರಳೆಣ್ಣೆ ಕುಡಿದ ಹಾಗಿತ್ತು. ಮನೆಯಾಕೆ ಬಾಗಿಲಲ್ಲೇ ಕಾದಿದ್ದರು.

"ಏನಂದ್ರು?"

"ಎಲ್ಲರೂ... ತುಂಬಾ... ಉಪಯೋಗಿಸ್ತಿದಾರೆ ಕಣೇ."

"ಮತ್ತೆ ಯಾರ ತಲೆ ಮೇಲೂ ಕಾಣಲ್ಲ?"

"ಮನೆ ಒಳಗಡೆ ಹಾಕ್ಕೊಳ್ತಾರಂತೆ."

"ನೀವೂ ಮನೆ ಒಳಗಡೇನೇ ಇರ್ತೀರಲ್ಲ" ಎಂದು ಆಕೆ ತಣ್ಣಗೆ ಹೇಳಿ ಒಳಗೆ ಹೋದರು. ರಾಯರು ಪಿಳಿಪಿಳಿ ಕಣ್ಣು ಬಿಟ್ಟು ನಿಂತರು. ಆಮೇಲೆ ಕಪಾಟಿನ ಮೇಲಿನ ಮಾದರಿಯನ್ನು ಇನ್ನೊಂದು ಸಲ ಒರೆಸಿದರು.

ಮಾರನೆಯ ಬೆಳಿಗ್ಗೆ ಎದುರುಮನೆಯಿಂದ ಒಂದು ಕಿರುಚು ಕೇಳಿತು. ಎಂಥ ಕಿರುಚು ಅಂತೀರಿ! ಮೇಷ್ಟ್ರಿಗೆ ತಿರುಗದ ಕತ್ತು ತಿರುಗಿತು.

"ಅಯ್ಯಯ್ಯೋ! ಬೆಕ್ಕಿನ ಮರಿ ಕೊಂದುಬಿಟ್ಟೆನಲ್ಲಪ್ಪಾ! ಯಾರಾದ್ರೂ ಬನ್ರೋ!"

ಬೀದಿಗೆ ಬೀದಿಯೇ ದೊಡ್ಡಮ್ಮನ ಅಡುಗೆಮನೆಗೆ ನುಗ್ಗಿತು. ಕಟ್ಟೆಯ ಮೇಲೆ ಅರ್ಧ ಕುಂಬಳಕಾಯಿ, ಅದರ ಕೆಳಗೆ ರಾಯರ ಪೆಟ್ಟಿಗೆ, ಪೆಟ್ಟಿಗೆಯ ನಡುವೆ ಉದ್ದಕ್ಕೂ ಬಿರುಕು. ಬಿರುಕಿನಿಂದ ಕೆಂಪಗೆ ಏನೋ ಇಣುಕುತ್ತಿತ್ತು. ದೊಡ್ಡಮ್ಮ ಕತ್ತಿ ಎಸೆದು ಮೂಲೆಯಲ್ಲಿ ನಡುಗುತ್ತ ನಿಂತಿದ್ದರು. "ಬದನೆಕಾಯಿ ಕೆತ್ತಿದಾರೆ, ತರಕಾರಿ ಹೆಚ್ಚೋ ಮಣೆ ಅಂತ ದಿನಾ ಹೆಚ್ತಿದ್ದೆ. ಇವತ್ತು ಕುಂಬಳಕಾಯಿಗೆ ಜೋರಾಗಿ ಒಂದೇಟು ಹಾಕಿದೆ. ಮಣೆ ಒಳಗೆ ಜೀವ ಇತ್ತು ಕಣ್ರೋ! ಕೂದಲೂ ಇದೆ, ರಕ್ತಾನೂ ಇದೆ!"

ಮೇಷ್ಟ್ರು ಕೊಡೆಯ ತುದಿಯಿಂದ ತಿವಿದರು. "ಅಲ್ಲಾಡ್ತಿಲ್ಲ" ಎಂದು ಗಂಭೀರವಾಗಿ ಘೋಷಿಸಿದರು. ಟ್ಯಾಕ್ಸಿ ಡ್ರೈವರು ತಲೆ ಬಾಗಿಸಿ ನಿಂತ. ಆಗ ಎಲ್ಲರನ್ನೂ ಸರಿಸಿಕೊಂಡು ಬಂದ ಮನೆಯಾಕೆ ಬಗ್ಗಿ ನೋಡಿದರು.

"ಅದು ಬೆಕ್ಕಲ್ಲ ದೊಡ್ಡಮ್ಮಾ. ನಾನು ನಿಮಗೆ ಅಂತ ಹೆಣೆದ ಟೋಪಿ."

ಮೇಷ್ಟ್ರು ಕೊಡೆ ಇಳಿಸಿದರು. "ಟೋಪಿ ಮಣೆ ಒಳಗೆ ಹೇಗೆ ಬಂತು?"

ಎಲ್ಲರ ಕಣ್ಣೂ ಒಟ್ಟಿಗೇ ರಾಯರ ಮೇಲೆ ಬಿದ್ದವು.

"ಅದು ಮಣೆಯಲ್ಲ ಸ್ವಾಮೀ, ಪೆಟ್ಟಿಗೆ!" ಎಂದು ರಾಯರು ಕೂಗಿದರು. "ಜಾರು ಮುಚ್ಚಳದ ಪೆಟ್ಟಿಗೆ! ಯಾರೂ ತೆಗೆದೇ ನೋಡಲಿಲ್ವಾ? ಇಷ್ಟು ಸುಲಭ ನೋಡಿ, ಇಲ್ಲಿ ಹೆಬ್ಬೆರಳಿಟ್ಟು ತಳ್ಳಿದ್ರೆ..." ಎಂದು, ಡ್ರೈವರು ಗಾಡಿಗೆ ಓಡಿಹೋಗಿ ತಂದ ತನ್ನ ಪೆಟ್ಟಿಗೆಗೆ ಹೆಬ್ಬೆರಳಿಟ್ಟು ತಳ್ಳಿದರು. ಅಂಗೈಯಿಂದ ತಳ್ಳಿದರು. ಮೊಣಕಾಲ ನಡುವೆ ಇಟ್ಟುಕೊಂಡು ತಳ್ಳಿದರು. ಬೆವರಿದರು.

ಗದ್ದಲ ಕೇಳಿ ಬಂದಿದ್ದ ಬಡಗಿ ಅದನ್ನು ಕೈಗೆ ತೆಗೆದುಕೊಂಡು ಅಂಚಿಗೆ ಉಗುರು ಹಾಯಿಸಿದ. "ಸಾರ್, ಮುಚ್ಚಳದ ಸಂದಿಗೂ ಹೊಟ್ಟು ತುಂಬಿದ್ರಾ?"

"ಸಂದು ಕಾಣೋ ಕಡೆ ಎಲ್ಲಾ ಅಂತ ನೀನೇ ಹೇಳಿದ್ದು!"

"ಮುಚ್ಚಳಾನೂ ತುಂಬಿ ಅಂದಿದ್ನಾ ಸಾರ್? ಬಾಗಿಲಿಗೂ ಸೇರಿಸಿ ಗೋಡೆ ಕಟ್ಟಿಬಿಟ್ಟಿದೀರಲ್ಲ!"

ಮೊದಲು ನಕ್ಕಿದ್ದು ಮನೆಯಾಕೆ. ಬೇಸಿಗೆಯಿಂದ ಆಕೆ ಹಾಗೆ ನಕ್ಕಿರಲಿಲ್ಲ. ಕೊರಳಿನ ಟವೆಲ್, ಕತ್ತರಿ ಎಲ್ಲ ನೆನಪಾಗಿ, ಕಟ್ಟೆ ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಮೇಲೆ ಬೀದಿಯೆಲ್ಲ ನಕ್ಕಿತು. ರಾಯರು ಪೆಚ್ಚುಮೋರೆ ಹಾಕಿಕೊಂಡು ನಿಂತರು.

ರಾಯರ ಹಿತ್ತಲಿನ ಬೆಂಚಿನ ಮೇಲೆ ಬಡಗಿ ಒಂದೊಂದೇ ಪೆಟ್ಟಿಗೆ ಸೀಳಿದ. ಮೇಷ್ಟ್ರು ನೀಲಿ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, "ಇಷ್ಟು ದಿನ ಇದನ್ನ ಕಾಲಡಿ ಇಟ್ಕೊಂಡಿದ್ದೆನಲ್ಲಮ್ಮಾ" ಎಂದು ಕೈ ಮುಗಿದರು. ಡ್ರೈವರು ತನ್ನದನ್ನು ಹಾಕಿಕೊಂಡು ಗಾಡಿಯ ಕನ್ನಡಿಯಲ್ಲಿ ನೋಡಿಕೊಂಡು ಬಂದ. ಭಾವಮೈದುನ ನಾಲ್ಕು ಮೊಳೆ ಕೀಳಿಸಿ, ಗೋಡೆಯ ಗಾರೆಯ ಸಮೇತ ತಂದ. ಸುದ್ದಿ ತಿಳಿದು ಬಂದ ಕೈಡಾಕ್ಟರಮ್ಮ ಮಾತ್ರ ಟೋಪಿಯನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಬೆಳಕಿಗೆ ಹಿಡಿದು ಒಂದೊಂದು ಕುಣಿಕೆಯನ್ನೂ ನೋಡಿದರು. ಆಮೇಲೆ ಮನೆಯಾಕೆಯ ಬೆರಳುಗಳನ್ನು ಹಿಡಿದುಕೊಂಡರು.

"ಮರ ಕೆತ್ತೋಕೆ ಬಲ ಇದ್ರೆ ಸಾಕಮ್ಮಾ. ಇದಕ್ಕೆ ಹದ ಬೇಕು. ಇಷ್ಟು ಸಣ್ಣ ಹೆಣಿಗೆ ಈ ಬೆರಳಲ್ಲಿ ಬರುತ್ತೆ ಅಂತ ನಾನೇ ನಂಬಿರಲಿಲ್ಲ." ಅವರ ಕಣ್ಣು ಒದ್ದೆಯಾಗಿತ್ತು.

ದೊಡ್ಡಮ್ಮನ ಟೋಪಿಗೆ ಕತ್ತಿಯ ಏಟು ಬಿದ್ದಿತ್ತು. "ನಾನೇ ಹಾಳು ಮಾಡಿದ್ನಲ್ಲೇ" ಎಂದು ಅವರು ಕಣ್ಣೊರೆಸಿಕೊಂಡಾಗ ಮನೆಯಾಕೆ ಕೈ ಚಾಚಿದರು. "ಕೊಡಿ ಇಲ್ಲಿ, ಸಂಜೆಯೊಳಗೆ ಸರಿ ಮಾಡ್ತೀನಿ. ರೀ, ಆ ಚೀಲ ಎಲ್ಲಿಟ್ರಿ? ಕಡ್ಡಿ ತನ್ನಿ."

ರಾಯರು ಚೀಲ ತರಲು ಓಡಿದ ಓಟವನ್ನು ನೋಡಬೇಕಿತ್ತು. ವಯಸ್ಸಾದ ಮನುಷ್ಯ, ಹೊಸ್ತಿಲು ಎಡವಿ, ಸಾವರಿಸಿಕೊಂಡು ಓಡಿದರು. ಹಿಂದೆಯೇ ಬಂದ ಬಡಗಿ ಕಪಾಟಿನ ಕಡೆ ಕೈ ತೋರಿಸಿದ. "ಇದನ್ನೂ ತೆಗೆದುಬಿಡ್ಲಾ ಸಾರ್?"

"ಬೇಡ ಬೇಡ, ಅದು ಖಾಲಿ. ಮಾದರಿ."

"ಖಾಲಿ ಅಲ್ಲ" ಎಂದರು ಮನೆಯಾಕೆ, ಬಾಗಿಲಲ್ಲಿ ನಿಂತು.

ರಾಯರು ಒಮ್ಮೆ ಹೆಂಡತಿಯನ್ನೂ ಒಮ್ಮೆ ಪೆಟ್ಟಿಗೆಯನ್ನೂ ನೋಡಿದರು. ಆರರಲ್ಲಿ ಅತ್ಯಂತ ಚೆನ್ನಾಗಿ ಕೆತ್ತಿದ್ದು ಅದನ್ನೇ. ಅದರಲ್ಲಿ ಒಂದು ಹಕ್ಕಿಗೆ ಕೊಕ್ಕು ಕೂಡ ಇತ್ತು. ಬಡಗಿಯ ಕೈಯಿಂದ ಉಳಿ ಕಸಿದುಕೊಂಡು, ಸರಿಯಾಗಿ ಹಕ್ಕಿಗಳ ಮೇಲೇ ಹೊಡೆದರು. ಹಲಗೆ ಸೀಳಿತು.

ಒಳಗೆ ಬೂದು ಬಣ್ಣದ ಒಂದು ಟೋಪಿ. ಹೆಣಿಗೆ ಅಲ್ಲಲ್ಲಿ ಬಿಟ್ಟಿತ್ತು. ಒಂದು ಕಿವಿಯ ಪಟ್ಟಿ ಗಿಡ್ಡ, ಇನ್ನೊಂದು ಉದ್ದ. ಎರಡಕ್ಕೂ ಗದ್ದದ ಕೆಳಗೆ ಕಟ್ಟಿಕೊಳ್ಳಲು ದಾರ.

"ಎಲ್ಲಕ್ಕಿಂತ ಮೊದಲು ಹೆಣೆದದ್ದು ಅದು" ಎಂದರು ಮನೆಯಾಕೆ. "ಬೆರಳು ಮಡಚೋಕೆ ಶುರುವಾದಾಗ. ಚೆನ್ನಾಗಿಲ್ಲ ಅಂತ ನನಗೂ ಗೊತ್ತು. ದಿನಾ ಪೆಟ್ಟಿಗೆ ಒರೆಸ್ತಿದ್ರಿ, ಟೋಪಿ ಮಾತ್ರ ಹಾಕ್ಕೊಳ್ಳಲಿಲ್ಲ. ನಿಮಗೂ ಹಿಡಿಸಲಿಲ್ಲ ಅಂದ್ಕೊಂಡೆ."

ರಾಯರು ಟೋಪಿಯನ್ನು ತಲೆಗೇರಿಸಿಕೊಂಡು ಹೆಂಡತಿಯ ಮುಂದೆ ಗದ್ದ ಎತ್ತಿ ನಿಂತರು. ಆಕೆ ಎರಡೂ ಕೈ ಎತ್ತಿ, ಬೆರಳು ಬಳಸಿ, ದಾರ ಎಳೆದು ಸಲೀಸಾಗಿ ಒಂದು ಜಾರುಗಂಟು ಹಾಕಿದರು. ಆ ಬೆರಳುಗಳು ಆಡುವುದನ್ನು ರಾಯರು ಕೆಳಗಣ್ಣಿನಿಂದ ನೋಡುತ್ತಲೇ ಇದ್ದರು.

"ಇನ್ನೊಂದು ಗಂಟು ಹಾಕೇ" ಎಂದರು. "ಬಿಚ್ಚಿಕೊಳ್ಳಬಾರದು."

ಆಕೆ ಇನ್ನೊಂದು ಗಂಟು ಹಾಕಿದರು.